ಸೂರ್ಯ ಮುಳುಗದ ಊರಿನ ಏಕಾದಶಿ

"ಅತ್ಯಾ, ಉಪ್ಪು ಎಷ್ಟು?" ಒಳಗಿನಿಂದ ಶ್ರೀಪ್ರಿಯಾ ಕೇಳಿದರು.

ಸೀತಾಬಾಯಿ ಅಡುಗೆಮನೆಯ ಹೊಸ್ತಿಲಿನ ಈಚೆ ಮಣೆಯ ಮೇಲೆ ಕೂತು ಅಗಸೆ ಸೊಪ್ಪು ಬಿಡಿಸುತ್ತಿದ್ದರು. ಬಲಗೈ ಎತ್ತಿ, ಬೆರಳುಗಳನ್ನು ಒಳಕ್ಕೆ ಬಾಗಿಸಿ, ಅಂಗೈಯಲ್ಲಿ ಸಣ್ಣದೊಂದು ಗುಣಿ ಮಾಡಿ ತೋರಿಸಿದರು.

"ಇಷ್ಟು."

"ನಿಮ್ಮ ಕೈ ದೊಡ್ಡದು."

"ಹಂಗಾದ್ರ ನಿನ್ನ ಗುಣಿ ತುಂಬಿಸಿ ಮ್ಯಾಲೆ ಒಂದು ಚಿಟಿಕಿ ಹಾಕು. ರುಚಿ ನೋಡಬ್ಯಾಡ ಮತ್ತ."

"ನೋಡಂಗಿಲ್ಲ, ಗೊತ್ತದ," ಎಂದ ಶ್ರೀಪ್ರಿಯಾ ಆಕಳಿಕೆಯನ್ನು ಅರ್ಧಕ್ಕೇ ನುಂಗಿದರು.

ಹೊಸಪೇಟೆಯ ರಾಣಿಪೇಟೆಯಲ್ಲಿರುವ ಈ ಮನೆಯಲ್ಲಿ ದ್ವಾದಶಿಯ ಬೆಳಗು ಹೊರಗೆ ಇನ್ನೂ ಕತ್ತಲಿರುವಾಗಲೇ ಶುರುವಾಗುತ್ತದೆ. ಹಿಂದಿನ ದಿನ ಏಕಾದಶಿ. ಮನೆಯವರು ಊಟ ಮಾಡಿರುವುದಿಲ್ಲ, ಸೀತಾಬಾಯಿ ನೀರನ್ನೂ ಕುಡಿದಿರುವುದಿಲ್ಲ. ಸೂರ್ಯ ಹುಟ್ಟುತ್ತಿದ್ದಂತೆ ದೇವರಿಗೆ ನೈವೇದ್ಯವಾಗಿ, ಉಪವಾಸ ಮುರಿಯುವ ಊಟ, ಅಂದರೆ ಪಾರಣೆ, ಆಗಬೇಕು. ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡುವಂತಿಲ್ಲವಾದ್ದರಿಂದ ಉಪ್ಪು ಕೈಯ ಅಂದಾಜಿನದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೈ ಸೀತಾಬಾಯಿಯವರದಾಗಿತ್ತು. ಕಳೆದ ಜುಲೈನಿಂದ ಅವರು ಈ ಹೊಸ್ತಿಲು ದಾಟಿಲ್ಲ. ನಾರ್ವೆ ದೇಶದ ಗುಡ್ಡವೊಂದರ ಮೇಲೆ ಅವರು ಕುಡಿದ ನಾಲ್ಕು ಗುಟುಕು ನೀರು ಅದಕ್ಕೆ ಕಾರಣ.

ಅವರಿಗೀಗ ಅರವತ್ತನಾಲ್ಕು. ಮದುವೆಯಾದ ಕೆಲವೇ ವರ್ಷಗಳಲ್ಲಿ ಗಂಡ ತೀರಿಕೊಂಡಾಗ ಅಣ್ಣ ವ್ಯಾಸರಾಜ ಆಚಾರ್ಯರು ಕರೆತಂದು ಈ ಮನೆಯಲ್ಲಿ ಇಟ್ಟುಕೊಂಡರು. ಕಾಲುವೆ ಇಲಾಖೆಯ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ನಸುಕಿನಲ್ಲಿ ಎದ್ದು ಸ್ನಾನ ಮಾಡಿ, ಮಡಿಯಲ್ಲಿ ದೇವರ ಅಡುಗೆ ಮುಗಿಸಿ, ಸೀರೆ ಬದಲಿಸಿ ಕಚೇರಿಗೆ ನಡೆಯುವುದು ಅವರ ದಿನಚರಿ. ನಿವೃತ್ತಿಯಾದ ಮೇಲೆ ನಡೆಯುವುದು ನಿಂತಿತು, ಉಳಿದದ್ದು ಹಾಗೇ ಇತ್ತು. ಅಣ್ಣ ಈಗಿಲ್ಲ. ಅಣ್ಣನ ಮಗ ವಿದ್ಯಾಧೀಶ ಮಠದಲ್ಲಿ ಪೂಜೆ ಮಾಡುತ್ತಾರೆ. ಅವರ ಹೆಂಡತಿ ಶ್ರೀಪ್ರಿಯಾ ಬ್ಯಾಂಕಿನಲ್ಲಿದ್ದಾರೆ. ಸೀತಾಬಾಯಿಯವರಿಗೆ ಮಕ್ಕಳಿಲ್ಲ, ಮನೆಯೂ ಅವರ ಹೆಸರಿನಲ್ಲಿಲ್ಲ. ಇಲ್ಲಿ ತಮ್ಮದು ಎಂದು ಅವರು ಹೇಳಬಹುದಾಗಿದ್ದುದು ಆ ಒಲೆಯೊಂದನ್ನೇ. ಅವರನ್ನು ಕೇಳದೆ ಅದರ ಮುಂದೆ ಯಾರೂ ಕಡ್ಡಿ ಗೀರುತ್ತಿರಲಿಲ್ಲ.

ಕಚೇರಿಯಿಂದ ಉಳಿದುಕೊಂಡ ಗೆಳತಿಯರು ಇಬ್ಬರು. ಚೆನ್ನಬಸಮ್ಮ ಸಂಡೂರು ಕಡೆಯ ಬಂಡ್ರಿಯವರು, ಟೈಪಿಸ್ಟ್ ಆಗಿದ್ದರು. ಅದಿರು ಲಾರಿಗಳ ಹಿಂದೆ ಬರುವ ಬಸ್ಸಿನಲ್ಲಿ ದಿನಾ ಓಡಾಡಿ, ಅವರ ಯಾವ ಸೀರೆಯ ಅಂಚೂ ಅಂಗಡಿಯಿಂದ ತಂದ ಬಣ್ಣದಲ್ಲಿ ಉಳಿದಿರಲಿಲ್ಲ. ದುರ್ಗಕ್ಕ ಕಂಪ್ಲಿಯವರು, ಇಲಾಖೆಯ ದವಾಖಾನೆಯಲ್ಲಿ ನರ್ಸು. ಮಧ್ಯಾಹ್ನ ಮೂವರೂ ಬೇವಿನ ಮರದ ಕೆಳಗೆ ಡಬ್ಬಿ ಬಿಚ್ಚುತ್ತಿದ್ದರು. ಸೀತಾಬಾಯಿ ತಮ್ಮ ಡಬ್ಬಿಯಿಂದ ಇಬ್ಬರಿಗೂ ಕೊಡುತ್ತಿದ್ದರು, ಅವರಿಂದ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಚೆನ್ನಬಸಮ್ಮ ಇದಕ್ಕೆ 'ಒನ್ ವೇ ರೋಡು' ಎಂದು ಹೆಸರಿಟ್ಟಿದ್ದರು. ಬೌದ್ಧ ಮನೆತನದ ದುರ್ಗಕ್ಕ ಅದರ ಬಗ್ಗೆ ಏನೂ ಅನ್ನುತ್ತಿರಲಿಲ್ಲ. ಸೀತಾಬಾಯಿಯವರ ಮನೆಯಲ್ಲಿ ಚೆನ್ನಬಸಮ್ಮ ಅಡುಗೆಮನೆಯ ಹೊಸ್ತಿಲವರೆಗೆ ಬಂದಿದ್ದಾರೆ, ದುರ್ಗಕ್ಕ ಪಡಸಾಲೆಯವರೆಗೆ.

ಹಡಗಿನ ಪ್ರವಾಸ ಚೆನ್ನಬಸಮ್ಮನವರ ಯೋಜನೆ. ಉತ್ತರದ ಸಮುದ್ರದಲ್ಲಿ ಹಡಗು ಊರಿಂದ ಊರಿಗೆ ಹೋಗುತ್ತದೆ, ಹಗಲು ದಡಕ್ಕಿಳಿಸಿ ಊರು ತೋರಿಸುತ್ತಾರೆ, ಸಂಜೆಗೆ ವಾಪಸು ಹತ್ತಿಸುತ್ತಾರೆ ಎಂದು ಯಾರೋ ಹೇಳಿದ್ದರು.

"ಧೂಳಿಲ್ಲದ್ದು, ಬಿಸಿಲಿಲ್ಲದ್ದು ಒಂದು ಊರು ನೋಡಬೇಕ್ರಿ ನಾನು," ಎಂದರು ಚೆನ್ನಬಸಮ್ಮ. "ಬಾಯಾರ, ನೀವು ಬರ್ಲಿಲ್ಲಂದ್ರ ನಾವಿಬ್ರೂ ಹೋಗಂಗಿಲ್ಲ. ಪಾಪ ನಿಮಗ ತಗೊಳ್ರಿ."

ಸೀತಾಬಾಯಿ ವಿದ್ಯಾಧೀಶರನ್ನು ಕೇಳಿದರು. ಸಮುದ್ರ ದಾಟುವುದಕ್ಕೆ ಈಗ ಅವರ ಪೈಕಿ ಯಾರೂ ದೊಡ್ಡ ತಕರಾರು ತೆಗೆಯುವುದಿಲ್ಲ. ಹೋಗಿ ಬಂದವರು ಮಠದಲ್ಲಿ ಶಂಖಚಕ್ರದ ಮುದ್ರೆ ಹಾಕಿಸಿಕೊಂಡು ಸುಮ್ಮನಾಗುತ್ತಾರೆ. ವಿದ್ಯಾಧೀಶ ಪಂಚಾಂಗ ತಿರುವಿದರು.

"ಹೋಗಿ ಬರ್ರಿ ಅತ್ಯಾ. ಆದ್ರ ಆಷಾಢದ ಏಕಾದಶಿ ಅಲ್ಲೇ ಬರ್ತದ. ವರ್ಷದೊಳಗ ದೊಡ್ಡ ಏಕಾದಶಿ. ಅದೊಂದು ತಪ್ಪಿದ್ರ ದೇವರ ಒಲಿ ನಿಮ್ಮ ಕೈಗೆ ಕೊಡೋದು ನನಗ ಆಗಂಗಿಲ್ಲ. ಮೊದಲ ಹೇಳ್ತೀನಿ."

"ಇಷ್ಟು ವರ್ಷದಾಗ ಯಾವುದು ತಪ್ಪ್ಯದ?" ಎಂದು ಸೀತಾಬಾಯಿ ಕೇಳಿದರು. ಒಂದೂ ತಪ್ಪಿರಲಿಲ್ಲ.

ಅವರ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿಗಳೇ ಹೆಚ್ಚಿದ್ದವು. ಜೊತೆಗೆ ಮಠದ ಪಂಚಾಂಗ ಮತ್ತು ಪಾರಣೆಗೆಂದು ಒಣಗಿಸಿದ ನೆಲ್ಲಿಕಾಯಿಯ ಪುಟ್ಟ ಡಬ್ಬಿ. ಹಡಗಿನಲ್ಲಿ ನೂರು ಬಗೆಯ ಊಟವಿತ್ತು. ಅವರು ಅದರಲ್ಲಿ ಬಾಳೆಹಣ್ಣು ಮತ್ತು ಸೇಬನ್ನು ಮಾತ್ರ ಮುಟ್ಟಿದರು. ಆರಂಭದ ದಿನಗಳಲ್ಲೇ ರವಿಕೆ ಸಡಿಲವಾಗತೊಡಗಿತ್ತು.

ಅವರ ಲೆಕ್ಕಕ್ಕೆ ಬಾರದ ಒಂದು ಸಂಗತಿ ಹಡಗು ಉತ್ತರಕ್ಕೆ ಸಾಗಿದಂತೆ ಎದುರಾಯಿತು. ಸೂರ್ಯ ಮುಳುಗುವುದು ನಿಂತುಹೋಯಿತು. ಸುತ್ತ ಸುತ್ತಿ ನೀರಿನ ಅಂಚಿಗೆ ಬಂದಂತೆ ಮಾಡಿ ಮತ್ತೆ ಮೇಲೇರುತ್ತಿತ್ತು. ಹಡಗಿನ ಕೋಣೆಯ ಪರದೆ ಎಳೆದರೂ ಸಂದಿಯಲ್ಲಿ ಬಿಳಿ ಗೆರೆ ಉಳಿಯುತ್ತಿತ್ತು. ಮೂವರಿಗೂ ಸರಿಯಾಗಿ ನಿದ್ದೆಯಿಲ್ಲ.

"ಬಿಸಿಲಿಲ್ಲದ ಊರಿಗೆ ಹೋಗೂಣಂತ ಹೇಳಿ ಸೂರ್ಯ ಮುಳುಗದ ಊರಿಗೆ ಕರಕೊಂಡು ಬಂದ್ಯಲ್ಲೇ ಚೆನ್ನಿ," ಎಂದರು ದುರ್ಗಕ್ಕ.

"ಬಿಸಿಲು ಐತಿ ಖರೇ, ಕಾವು ಇಲ್ಲಲ್ಲ. ಅಡ್ಜಸ್ಟ್ ಮಾಡ್ಕೊಳ್ಳೇ," ಎಂದರು ಚೆನ್ನಬಸಮ್ಮ.

ಸೀತಾಬಾಯಿಯವರಿಗೆ ಇದು ನಗುವ ವಿಷಯವಾಗಿರಲಿಲ್ಲ. ಏಕಾದಶಿ ಭಾನುವಾರ ಎಂದು ಮಠದ ಪಂಚಾಂಗ ಹೇಳುತ್ತಿತ್ತು. ಶ್ರೀಪ್ರಿಯಾ ಫೋನಿಗೆ ಹಾಕಿಕೊಟ್ಟಿದ್ದ ಪಂಚಾಂಗ ಮಾತ್ರ ಶನಿವಾರ ತೋರಿಸಿತು. ಅದು ತಾನಿರುವ ಊರಿನ ಲೆಕ್ಕ ಹಾಕುವಂಥದ್ದು. ಸೂರ್ಯೋದಯದ ಜಾಗದಲ್ಲಿ ಸಮಯ ಇರಲಿಲ್ಲ, ಎರಡು ಗೀಟು ಇದ್ದವು. ಮನೆಗೆ ಕರೆ ಮಾಡಲು ನೋಡಿದರು. ನಡುಸಮುದ್ರದಲ್ಲಿ ಸಿಗ್ನಲ್ ಇರಲಿಲ್ಲ. ಯಾವುದೂ ತಪ್ಪುವುದು ಬೇಡವೆಂದು ಎರಡೂ ದಿನ ಉಪವಾಸ ಹಿಡಿದರು. ಭಾನುವಾರ ಕಳೆದು ಹೊಸಪೇಟೆಯಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಇಲ್ಲಿ ಪಾರಣೆ ಮಾಡುವುದು ಎಂದು ತೀರ್ಮಾನಿಸಿದರು. ಶನಿವಾರ ಹಡಗು ನೀರಿನ ಮೇಲೇ ಇತ್ತು, ಮಲಗಿ ಕಳೆದರು. ಭಾನುವಾರ ಅದು ಟ್ರೋಮ್ಸೊ ಎಂಬ ಊರಿನ ದಕ್ಕೆಗೆ ಬಂದು ನಿಂತಿತು.

"ನೀವು ಕೋಣ್ಯಾಗ ಇರ್ರಿ, ನಾವು ನೋಡಿ ಬರ್ತೀವಿ," ಎಂದರು ದುರ್ಗಕ್ಕ.

"ಒಬ್ಬಳೇ ಕುಂತ್ರ ಬರೀ ನೀರಿನ ನೆನಪು ಬರ್ತದ. ನಡೀರಿ."

ದಡದಲ್ಲಿ ಬಸ್ಸು ಕಾಯುತ್ತಿತ್ತು. ಪ್ರವಾಸದ ಮೇಲ್ವಿಚಾರಕ ಪರಶುರಾಮ್ ಹೊಸಪೇಟೆಯವರೇ. ಹಂಪಿ ಬಜಾರಿನಲ್ಲಿ ವಿದೇಶಿಯರಿಗೆ ಊರು ತೋರಿಸಿ ಬೆಳೆದವರು, ಈಗ ಊರಿನವರಿಗೆ ವಿದೇಶ ತೋರಿಸುತ್ತಾರೆ. ಕೈಯಲ್ಲಿ ಹಳದಿ ಬಾವುಟ.

"ಆಂಟಿ, ಜಲ್ದಿ ಹತ್ರಿ. ಮೂರು ಜಾಗ ಅದಾವು, ಮೂರೂ ಮಸ್ತ್ ಅದಾವು."

ಮೊದಲನೆಯದು ಮಂಜಿನ ಪ್ರದೇಶಕ್ಕೆ ಹೋಗಿ ಬಂದವರ ಸಂಗ್ರಹಾಲಯ. ಗಾಜಿನೊಳಗೆ ತುಪ್ಪಳದ ಅಂಗಿಗಳು, ಕೊಕ್ಕೆಗಳು, ಹೊಟ್ಟು ತುಂಬಿ ನಿಲ್ಲಿಸಿದ ಸೀಲ್ ಪ್ರಾಣಿ. ಒಳಗೆ ಮರದ ಮತ್ತು ಹಳೆಯ ಎಣ್ಣೆಯ ವಾಸನೆ. ಸೀತಾಬಾಯಿ ಗೋಡೆ ಹಿಡಿದು ನಡೆದು, ಕಾಣಿಸಿದ ಪ್ರತಿ ಬೆಂಚಿನ ಮೇಲೂ ಕೂತರು. ಎರಡನೆಯದು ಬಿಳಿಯ ತ್ರಿಕೋನಗಳನ್ನು ಒಂದರ ಹಿಂದೊಂದು ನಿಲ್ಲಿಸಿದಂತಿದ್ದ ಚರ್ಚು. ಅಲ್ಲಿ ಅವರು ಕಣ್ಣು ಮುಚ್ಚಿಕೊಂಡು ಕೂತಿದ್ದನ್ನು ಕಂಡು ಹೆಂಗಸೊಬ್ಬರು ಪ್ರಾರ್ಥನೆಯೆಂದು ತಿಳಿದು ದಾರಿ ಬಿಟ್ಟು ನಡೆದರು. ಊಟದ ಜಾಗದಲ್ಲಿ ಮೀನಿನ ಸಾರು ಕುದಿಯುತ್ತಿತ್ತು. ಅವರು ಬಸ್ಸಿನಿಂದ ಇಳಿಯಲಿಲ್ಲ. ಇಳಿದುಬಂದ ಚೆನ್ನಬಸಮ್ಮ ಬಾಯಿ ಒರೆಸಿಕೊಳ್ಳುತ್ತ, "ಬ್ರೆಡ್ಡು ನೆಟ್ಟಗಿಲ್ರಿ, ನೀವು ಉಪಾಸ ಇದ್ದದ್ದ ಚಲೋ ಆತು," ಎಂದರು. ಇಡೀ ದಿನದಲ್ಲಿ ಅವರು ಹೇಳಿದ ಸುಳ್ಳು ಅದೊಂದೇ.

ಮೂರನೆಯದು ಗುಡ್ಡ. ಹಗ್ಗಕ್ಕೆ ತೂಗುಬಿದ್ದ ರೋಪ್‌ವೇ ಡಬ್ಬಿಯಲ್ಲಿ ಎಲ್ಲರನ್ನೂ ಮೇಲಕ್ಕೆ ಎಳೆದುಕೊಂಡರು. ಮೇಲೆ ಗಾಳಿ. ಕೆಳಗೆ ನೀರು, ಸೇತುವೆ, ಬೆಂಕಿಪೆಟ್ಟಿಗೆಯಷ್ಟಾಗಿ ಕಾಣುವ ಅವರ ಹಡಗು. ಜನ ಕಟಕಟೆಯ ಕಡೆಗೆ ಫೋಟೋಗೆ ಓಡಿದರು. ಸೀತಾಬಾಯಿ ಇಳಿದ ಜಾಗದಲ್ಲೇ ಇದ್ದ ಬೆಂಚಿನ ಮೇಲೆ ಕೂತರು. ಕೂತ ಮೇಲೆ ಏಳಲು ಆಗಲಿಲ್ಲ.

ದುರ್ಗಕ್ಕ ಪಕ್ಕದಲ್ಲಿ ಕೂತು, ಕೇಳದೆ, ಅವರ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೈಯ ಚರ್ಮ ಚಿವುಟಿ ಬಿಟ್ಟರು. ಅದು ನಿಧಾನವಾಗಿ ಕೆಳಗಿಳಿಯಿತು.

"ನೀರು ಕುಡೀರಿ."

"ಹೊಸಪೇಟ್ಯಾಗ ಸೂರ್ಯ ಹುಟ್ಟಲಿ."

"ಅಲ್ಲೀ ಮಟ ನೀವು ಇರಂಗಿಲ್ಲ. ಇಲ್ಲೇ ಬಿದ್ರ ಎತ್ಕೊಂಡು ಹೋಗಿ ಸಲೈನ್ ಹಚ್ತಾರ. ಸಲೈನ್ ನಿಮ್ಮ ಏಕಾದಶಿಗೆ ನಡೀತದೇನು?"

ದುರ್ಗಕ್ಕ ತಮ್ಮ ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ತಿರುವಿ, ಇಬ್ಬರ ನಡುವೆ ಬೆಂಚಿನ ಮೇಲೆ ಇಟ್ಟರು. ಕೈಗೆ ಕೊಡಲಿಲ್ಲ. ಆಮೇಲೆ ಸಮುದ್ರದ ಕಡೆ ನೋಡುತ್ತ ಕೂತರು.

ಸ್ವಲ್ಪ ಹೊತ್ತಾದ ಮೇಲೆ ಸೀತಾಬಾಯಿ ಬಾಟಲಿ ಎತ್ತಿ ಕುಡಿದರು. ನಾಲ್ಕು ಗುಟುಕು.

ಅಷ್ಟರಲ್ಲಿ ಚೆನ್ನಬಸಮ್ಮ ಫೋನು ಹಿಡಿದುಕೊಂಡು ಬಂದರು. ಬಾಟಲಿ ಯಾರ ಕೈಯಲ್ಲಿದೆ ಎಂದು ನೋಡಿದರು. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವ ಹೆಂಗಸು. "ಫೋಟೋ ಚಲೋ ಬಂದಾವು," ಎಂದಷ್ಟೇ ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಸೀತಾಬಾಯಿ ಕಿಟಕಿಗೆ ತಲೆಯಾನಿಸಿ ಕೂತಿದ್ದರು. ಮುಖಕ್ಕೆ ಬಣ್ಣ ಮರಳಿತ್ತು. ಒಲೆ ಹೋಯಿತು ಎಂಬುದೊಂದೇ ತಲೆಯಲ್ಲಿತ್ತು ಎಂದು ಈಗ ಹೇಳುತ್ತಾರೆ. ಚೆನ್ನಬಸಮ್ಮನವರಿಗೆ ಅದು ಗೊತ್ತಿತ್ತು. ಬಹಳ ಹೊತ್ತು ಏನನ್ನೋ ಯೋಚಿಸಿ ಮುಂದಿನ ಸೀಟಿಗೆ ಬಾಗಿದರು.

"ಏ ಪರಶು, ಆ ಗೈಡ್ ಹೆಣ್ಮಗಳನ್ನ ಕೇಳೋ. ಇಲ್ಲಿ ಸೂರ್ಯ ಕಡೀಗೆ ಹುಟ್ಟಿದ್ದು ಯಾವಾಗ?"

ಪರಶುರಾಮ್ ಸ್ಥಳೀಯ ಗೈಡ್ ಹೆಂಗಸನ್ನು ಕೇಳಿ ಹೇಳಿದರು. ಮೇ ತಿಂಗಳ ನಡುವಿನಲ್ಲಿ ಒಂದು ಮುಂಜಾನೆ ಹುಟ್ಟಿದ್ದು, ಅಲ್ಲಿಂದ ಈಚೆಗೆ ಮುಳುಗಿಲ್ಲ, ಆದ್ದರಿಂದ ಮತ್ತೆ ಹುಟ್ಟಿಯೂ ಇಲ್ಲ. ತಾರೀಖನ್ನೂ ಹೇಳಿದರು.

"ಬಾಯಾರ, ಮುಂಜಾನಿ ಸೂರ್ಯ ಹುಟ್ಟೋ ಮುಂದ ಯಾವ ತಿಥಿ ಇರ್ತದೋ ಆ ದಿನಕ್ಕೆಲ್ಲ ಅದ ತಿಥಿ. ಹೌದಿಲ್ರಿ? ನೀವ ಹೇಳಿದ್ದು, ಆಫೀಸಿನ್ಯಾಗ."

"ಹೌದು."

"ಮತ್ತ ಸೂರ್ಯ ಹುಟ್ಟೂತನಾ ತಿಥಿ ಬದಲಾಗಂಗಿಲ್ಲ?"

"ದಿನದ ತಿಥಿ ಬದಲಾಗಂಗಿಲ್ಲ."

"ಪಂಚಾಂಗ ತೆಗೀರಿ. ಆ ತಾರೀಖಿಗೆ ಏನೈತಿ ನೋಡ್ರಿ."

ಸೀತಾಬಾಯಿ ಚೀಲದಿಂದ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ಬೆರಳಿಟ್ಟು ನೋಡಿದರು. ವೈಶಾಖ ಬಹುಳ ಷಷ್ಠಿ.

"ಹಂಗಾರ ಈ ಊರಾಗ ಮೇ ತಿಂಗಳಿಂದ ಇವತ್ತಿನ ಮಟ ಷಷ್ಠಿನ!" ಎಂದು ಚೆನ್ನಬಸಮ್ಮ ತೊಡೆ ತಟ್ಟಿಕೊಂಡರು. "ಸಪ್ತಮಿ ಬಂದಿಲ್ಲ, ಅಷ್ಟಮಿ ಬಂದಿಲ್ಲ, ಏಕಾದಶಿ ಎಲ್ಲಿಂದ ಬರ್ತದ್ರಿ? ನೀವು ಷಷ್ಠಿ ದಿನ ನೀರು ಕುಡದ್ರಿ. ಯಾವ ದೇವರು ಬ್ಯಾಡ ಅಂತಾನ? ಪುಣ್ಯಕ್ಕ ಆವತ್ತು ಏಕಾದಶಿ ಇದ್ದಿಲ್ಲ. ಇದ್ದಿದ್ರ ಎರಡು ತಿಂಗಳು ಬಾಯಿಗೆ ಬೀಗ!"

ಸೀತಾಬಾಯಿ ನಕ್ಕರು, ಎರಡು ದಿನಗಳಲ್ಲಿ ಮೊದಲ ಬಾರಿ. ಲೆಕ್ಕವನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಹಾಕಿ ನೋಡಿದರು. ಎಲ್ಲಿಯೂ ಬಿರುಕಿರಲಿಲ್ಲ. ಪುಟ್ಟ ಡಬ್ಬಿ ತೆಗೆದು ಒಣ ನೆಲ್ಲಿಕಾಯಿಯ ಚೂರು ಬಾಯಿಗೆ ಹಾಕಿಕೊಂಡರು.

ದುರ್ಗಕ್ಕ ನಗಲಿಲ್ಲ. ಮಡಿಲಲ್ಲಿದ್ದ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುವಿದರು.

"ಷಷ್ಠಿ ಅಂತ ಕುಡೀಲಿಲ್ಲ ನೀವು," ಎಂದರು. "ಬಾಯಿ ಒಣಗಿತ್ತು. ನಾನಿಟ್ಟೆ, ನೀವು ಕುಡದ್ರಿ. ಅಷ್ಟ."

ಬಸ್ಸು ದಕ್ಕೆ ತಲುಪಿತು. ಹಡಗು ಹತ್ತುವ ಸಾಲಿನಲ್ಲಿ ನಿಲ್ಲಲಾರದೆ ಸೀತಾಬಾಯಿ ದುರ್ಗಕ್ಕನವರ ಭುಜ ಹಿಡಿದುಕೊಂಡರು. ದುರ್ಗಕ್ಕ ಕೊಡವಿಕೊಳ್ಳಲಿಲ್ಲ.

ಹೊಸಪೇಟೆಗೆ ಮರಳಿದ ಮರುದಿನ ಇಬ್ಬರೂ ಗೆಳತಿಯರು ರಾಣಿಪೇಟೆಯ ಮನೆಗೆ ಬಂದರು. ಬರಲು ಯಾರೂ ಹೇಳಿರಲಿಲ್ಲ. ವಕಾಲತ್ತು ಚೆನ್ನಬಸಮ್ಮನವರದು, ದುರ್ಗಕ್ಕನವರನ್ನು ಅವರೇ ಎಳೆದು ತಂದಿದ್ದರು. ಪಡಸಾಲೆಯಲ್ಲಿ ಕೂತು ಚೆನ್ನಬಸಮ್ಮ ಷಷ್ಠಿಯ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದರು. ವಿದ್ಯಾಧೀಶ ನಡುವೆ ಬಾಯಿ ಹಾಕದೆ ಕೇಳಿದರು. ಪಂಚಾಂಗ ತರಿಸಿ ತಾರೀಖು ನೋಡಿದರು. ಶ್ರೀಪ್ರಿಯಾ ಬಾಗಿಲಲ್ಲಿ ನಿಂತಿದ್ದರು.

"ಲೆಕ್ಕ ಸರಿ ಅದ," ಎಂದರು ವಿದ್ಯಾಧೀಶ ಕೊನೆಗೆ. "ನನಗ ಇದಕ್ಕ ಉತ್ತರ ಹೊಳೀವಲ್ದು."

"ಮತ್ತೇನ್ರಿ! ಮುಗೀತಲ್ಲ."

"ಒಂದು ಮಾತು ಕೇಳ್ಬೇಕು." ವಿದ್ಯಾಧೀಶ ಅತ್ತೆಯ ಕಡೆ ತಿರುಗಿದರು. "ಅತ್ಯಾ, ನೀವು ಮೊದಲು ಷಷ್ಠಿ ಅಂತ ನೋಡಿ ಆಮ್ಯಾಲೆ ನೀರು ಕುಡದ್ರೋ, ನೀರು ಕುಡದ ಮ್ಯಾಲೆ ಷಷ್ಠಿ ನೋಡಿದ್ರೋ?"

ಉತ್ತರ ಗೊತ್ತಿದ್ದವರು ಮೂವರು. ಚೆನ್ನಬಸಮ್ಮ ಆಗಲೇ ಮೊದಲನೆಯದೇ ಹೌದೆನ್ನುವಂತೆ ತಲೆ ಆಡಿಸತೊಡಗಿದ್ದರು. ದುರ್ಗಕ್ಕ ತಮ್ಮ ಚಪ್ಪಲಿ ಇಟ್ಟ ಜಾಗ ನೋಡುತ್ತಿದ್ದರು. ವಿದ್ಯಾಧೀಶ ಪ್ರಶ್ನೆಯನ್ನು ಮೆತ್ತಗೆ ಕೇಳಿದ್ದರು. ಮೊದಲನೆಯದನ್ನೇ ಹೇಳಲಿ ಎಂಬ ಆಸೆ ಅದರಲ್ಲಿತ್ತು ಎಂದು ಶ್ರೀಪ್ರಿಯಾ ಇಂದಿಗೂ ಹೇಳುತ್ತಾರೆ.

"ಮೊದಲು ನೀರು," ಎಂದರು ಸೀತಾಬಾಯಿ. "ನೀರಡಿಕಿ ಆಗಿತ್ತು. ದುರ್ಗಕ್ಕ ಇಟ್ಟಳು, ಕುಡದೆ."

ನೀರು ಯಾರದೆಂದು ಅವರನ್ನು ಯಾರೂ ಕೇಳಿರಲಿಲ್ಲ. ವಿದ್ಯಾಧೀಶ ಪಂಚಾಂಗ ಮುಚ್ಚಿದರು. ಬರುವ ವರ್ಷ ಇದೇ ಏಕಾದಶಿಯನ್ನು ಈ ಮನೆಯಲ್ಲಿ ಕೂತು ಪೂರ್ತಿ ಮಾಡಲಿ, ಆಮೇಲೆ ಒಲೆ, ಅಲ್ಲಿಯವರೆಗೆ ಶ್ರೀಪ್ರಿಯಾ ನೋಡಿಕೊಳ್ಳಲಿ ಎಂದರು. ಇದು ಮುರಿದ ಏಕಾದಶಿಗೋ ದುರ್ಗಕ್ಕನವರ ಬಾಟಲಿಗೋ ಎಂದು ಅವರು ಬಿಡಿಸಿ ಹೇಳಲಿಲ್ಲ. ಸೀತಾಬಾಯಿ ಕೇಳಲೂ ಇಲ್ಲ.

ಹೊರಗೆ ಬಂದ ಮೇಲೆ ಚೆನ್ನಬಸಮ್ಮ ಸಿಟ್ಟಿನಿಂದ ಕುದಿಯುತ್ತಿದ್ದರು. "ಒಂದು ಮಾತು, ಒಂದ ಒಂದು ಮಾತು ತಿರುವಿ ಹೇಳಿದ್ರ ಆಗ್ತಿತ್ತು. ಮೂವತ್ತು ವರ್ಷ ಫೈಲು ತಿರುವಿದ ಹೆಂಗಸು!" ದುರ್ಗಕ್ಕ ಆಟೊ ಹತ್ತುವಾಗ ಹಿಂತಿರುಗಿ ನೋಡಿ, "ನೀರು ಸರಿಯಾಗಿ ಕುಡೀರಿ. ಬಿಸಿಲೈತಿ," ಎಂದರು.

ಆ ಉತ್ತರ ಯಾಕೆ ಕೊಟ್ಟಿರಿ ಎಂದು ಕೇಳಿದರೆ ಸೀತಾಬಾಯಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸುವುದಿಲ್ಲ. "ತಿರುವಿ ಹೇಳಿ ಒಳಗ ಹೋಗಿದ್ರ ಕೈಗೆ ಉಪ್ಪಿನ ಅಂದಾಜು ಸಿಗ್ತಿದ್ದಿಲ್ಲ," ಎನ್ನುತ್ತಾರೆ. ಒಲೆಯಿಲ್ಲದ ಈ ತಿಂಗಳುಗಳಲ್ಲಿ ಅವರಿಗೆ ವಿಶ್ರಾಂತಿ ಸಿಕ್ಕಿಲ್ಲ. ನಸುಕಿಗೆ ಎಚ್ಚರವಾಗುತ್ತದೆ. ಕತ್ತಲಲ್ಲಿ ಒಳಗಿನ ಪಾತ್ರೆಗಳ ಸದ್ದು ಕೇಳುತ್ತ ಮಲಗಿರುತ್ತಾರೆ. ಯಾವ ಪಾತ್ರೆಯನ್ನು ತಪ್ಪು ಜಾಗದಲ್ಲಿಟ್ಟರು ಎಂಬುದು ಸದ್ದಿನಲ್ಲೇ ತಿಳಿಯುತ್ತದೆ. ಹೇಳುವುದಿಲ್ಲ.

ಶ್ರೀಪ್ರಿಯಾ ಕೂಡ ದಣಿದಿದ್ದಾರೆ. ಮಡಿ, ನೈವೇದ್ಯ, ಆಮೇಲೆ ಬ್ಯಾಂಕು. ಕಳೆದ ವಾರ ಕೌಂಟರಿನಲ್ಲೇ ಕಣ್ಣು ಎಳೆಯಿತಂತೆ. ಒಲೆಯನ್ನು ಅತ್ತೆಗೆ ಈಗಲೇ ಬಿಟ್ಟುಕೊಡೋಣ ಎಂದು ಎರಡು ಸಲ ಗಂಡನಿಗೆ ಹೇಳಿದ್ದಾರೆ. ಎರಡು ಸಲವೂ ವಿದ್ಯಾಧೀಶ, "ಆಷಾಢ ಬರಲಿ," ಎಂದಿದ್ದಾರೆ.

ಮಾರ್ಗಶಿರದ ಈ ದ್ವಾದಶಿಯಂದು ಸೂರ್ಯ ಹುಟ್ಟಿದ. ಗಂಟೆಯ ಸದ್ದು, ಆರತಿ, ತೀರ್ಥ. ಎಲೆಯ ಮುಂದೆ ಕೂತ ಸೀತಾಬಾಯಿ ಮೊದಲು ನೆಲ್ಲಿಕಾಯಿ, ಆಮೇಲೆ ಅಗಸೆ ಸೊಪ್ಪಿನ ಪಲ್ಯ ಬಾಯಿಗಿಟ್ಟರು. ಶ್ರೀಪ್ರಿಯಾ ಸೌಟು ಹಿಡಿದು ಅವರ ಮುಖವನ್ನೇ ನೋಡುತ್ತಿದ್ದರು.

"ಉಪ್ಪು?"

"ಒಂಚೂರು ಕಡಿಮಿ ಅದ. ನಡೀತದ."

ಪಾರಣೆ ಮುಗಿಯುವಷ್ಟರಲ್ಲಿ ಕಂಪ್ಲಿಯಿಂದ ಫೋನು ಬಂತು. ಪ್ರತಿ ದ್ವಾದಶಿಗೂ ಬರುತ್ತದೆ. "ನೀರು ಕುಡದ್ರೇನ್ರಿ?" ಎಂದು ದುರ್ಗಕ್ಕ ಕೇಳುತ್ತಾರೆ. ಇವರು ಕುಡಿದೆ ಎನ್ನುತ್ತಾರೆ. ಹೆಚ್ಚಿನ ಮಾತಿಲ್ಲ.

ಆಷಾಢದ ಏಕಾದಶಿಗೆ ಇನ್ನೂ ಏಳು ತಿಂಗಳಿದೆ. ನಾಳೆ ತ್ರಯೋದಶಿ, ಒಲೆ ಹಚ್ಚುವವರು ಶ್ರೀಪ್ರಿಯಾ.